ಹೋಗದೆ ಉಳಿದವಳು

ಕೋವಾಲ್ಸ್ಕಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಬೆನ್ನಿನ ಕೆಳಗಿನ ಹುಣ್ಣಿಗೆ ಅಂಟಿಕೊಂಡಿದ್ದ ಹಳೆಯ ಪಟ್ಟಿಯನ್ನು ನೀರು ಸೋಕಿಸಿ ಬಿಡಿಸುತ್ತಿದ್ದಾಗ, ಬೆಳಗಿನಿಂದ ತಾನು ಯಾರ ಮುಖವನ್ನೂ ನೇರವಾಗಿ ನೋಡಿಲ್ಲವೆಂಬುದು ಗುಲಾಬಿಗೆ ಹೊಳೆಯಿತು. ಬೆನ್ನುಗಳನ್ನು ನೋಡಿದ್ದಳು, ಮಂಡಿಗಳನ್ನು ನೋಡಿದ್ದಳು, ಮಂಚದ ಪಕ್ಕ ತೂಗುವ ಮೂತ್ರದ ಚೀಲಗಳನ್ನು ನೋಡಿದ್ದಳು. ಮುಖಗಳಲ್ಲಿ ಇವತ್ತು ಹಬ್ಬದ ಕಳೆಯಿತ್ತು. ಅದು ಅವಳಿಗೆ ಬೇಡವಾಗಿತ್ತು. ಕೊಲ್ಲಿಯ ಯುದ್ಧ ಮುಗಿದು, ಅಲ್ಲಿಗೆ ಹೋದವರೆಲ್ಲ ಮರಳುತ್ತಿದ್ದ ಆ ಮೇ ತಿಂಗಳಲ್ಲಿ ಅವರ ಸ್ವಾಗತಕ್ಕೆಂದು ನ್ಯೂಜೆರ್ಸಿಯ ಮರಮರಕ್ಕೂ ಹಳದಿ ರಿಬ್ಬನ್ ಕಟ್ಟಿದ್ದರು. ಮಾಜಿ ಸೈನಿಕರ ಈ ಆಸ್ಪತ್ರೆಯಲ್ಲಂತೂ ಬಾಗಿಲಿಗೊಂದು, ಗಾಲಿಕುರ್ಚಿಗೊಂದು, ಸಲೈನ್ ತೂಗುವ ಕಂಬಕ್ಕೊಂದು ರಿಬ್ಬನ್. ಮಧ್ಯಾಹ್ನ ಮೇಜರ್ ಡಿಫ್ರಾಂಕೊ ಬರುವವಳಿದ್ದಳು. ಗುಲಾಬಿ ತಿಂಗಳಿಗೊಂದು ವಾರಾಂತ್ಯ ಸಮವಸ್ತ್ರ ತೊಟ್ಟು ಡ್ರಿಲ್‌ಗೆ ಹೋಗುತ್ತಿದ್ದ ಸೇನೆಯ ರಿಸರ್ವ್ ಯೂನಿಟ್ಟಿಗೆ ಆಕೆಯೇ ಮುಖ್ಯ ನರ್ಸ್. ಯೂನಿಟ್ಟು ಜನವರಿಯಲ್ಲಿ ಸೌದಿಗೆ ಹೋಗಿ, ಮರಳಿನಲ್ಲಿ ಡೇರೆಯ ಆಸ್ಪತ್ರೆ ನಡೆಸಿ ವಾಪಸು ಬಂದಿತ್ತು. ಕ್ಯಾಪ್ಟನ್ ಗುಲಾಬಿ ಮಾತ್ರ ಇಲ್ಲೇ ಉಳಿದಿದ್ದಳು.

"ನಿಮ್ಮ ಮೇಜರ್ ಇವತ್ತು ಬರ್ತಾಳಂತೆ," ಎಂದ ಕೋವಾಲ್ಸ್ಕಿ, ದಿಂಬಿನಲ್ಲಿ ಮುಖ ಹುದುಗಿಸಿಕೊಂಡೇ.

"ಹೌದು."

"ಅದಕ್ಕೇ ಲಿಪ್‌ಸ್ಟಿಕ್ಕು."

"ಮಾತಾಡಬೇಡಿ. ಮಾತಾಡಿದರೆ ಬೆನ್ನು ಅಲ್ಲಾಡುತ್ತದೆ."

ಲಿಪ್‌ಸ್ಟಿಕ್ಕು ಹಚ್ಚಿಕೊಂಡದ್ದು ನಿಜ. ಬೆಳಿಗ್ಗೆ ಈಸ್ಟ್ ಬ್ರನ್ಸ್‌ವಿಕ್‌ನ ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಹಚ್ಚಿ, ಒರೆಸಿ, ಮತ್ತೆ ಹಚ್ಚಿಕೊಂಡಿದ್ದಳು. ಹಿಂದಿನಿಂದ ಜಯರಾಮು ಊಟದ ಡಬ್ಬಿ ಹಿಡಿದು ಬಂದು, "ಇವತ್ತು ಬೀನ್ಸ್ ಪಲ್ಯ. ನಿಂಬೆಹಣ್ಣು ಜಾಸ್ತಿ ಹಿಂಡಿದೀನಿ, ಉಪ್ಪಿಲ್ದಿದ್ರೂ ಗೊತ್ತಾಗಲ್ಲ ಬಿಡು," ಎಂದಿದ್ದ. ಡಿಸೆಂಬರಿನಿಂದ ಆ ಮನೆಯಲ್ಲಿ ಉಪ್ಪಿಲ್ಲ. ಹೊರಡುವ ಮುಂಚಿನ ವೈದ್ಯಕೀಯ ತಪಾಸಣೆಯಲ್ಲಿ ಅವಳ ಬಿಪಿ ಜಾಸ್ತಿ ಬಂದು, "ಈ ಸಲ ಬೇಡ, ಕ್ಯಾಪ್ಟನ್" ಎಂದು ಮೇಜರ್ ಹೇಳಿದ ದಿನದಿಂದ, ಮೈಸೂರು ಸೀಮೆಯ ಆ ಮನುಷ್ಯ, ಉಪ್ಪಿನಕಾಯಿ ಇಲ್ಲದೆ ತಟ್ಟೆಯ ಮುಂದೆ ಕೂರದವನು, ಅವಳ ಜೊತೆ ಸಪ್ಪೆಯ ಸಾರು ಸಪ್ಪೆಯ ಹುಳಿ ತಿನ್ನುತ್ತಿದ್ದ. ಪ್ರಿನ್ಸ್‌ಟನ್ನಿನ ಔಷಧ ಕಂಪನಿಯಲ್ಲಿ ಇಡೀ ದಿನ ದುಡಿದು ಬಂದು ತಾನೇ ಅಡಿಗೆಮನೆಗೆ ಹೋಗುತ್ತಿದ್ದ. ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದಾಗ ರಮಾಮಣಿ ಆಂಟಿ ಎಲ್ಲರೆದುರಿಗೇ, "ಇಂಥ ಗಂಡ ಸಿಗಕ್ಕೆ ಪುಣ್ಯ ಮಾಡಿರ್ಬೇಕು ಕಣಮ್ಮ. ಆ ಬಿಪಿ ಬಂದಿದ್ದೂ ಒಳ್ಳೇದೇ ಆಯ್ತು. ಹೆಂಗಸ್ರಿಗ್ಯಾಕೆ ಯುದ್ಧ?" ಎಂದು ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದ್ದರು. ಗುಲಾಬಿ ನಕ್ಕಿದ್ದಳು. ನಗದೆ ಏನು ಮಾಡುವುದು? ವಾರ್ಡಿನಲ್ಲಿ ದಿನವೂ ಎಲ್ಲರ ತೋಳಿಗೆ ಬಿಪಿ ಪಟ್ಟಿ ಸುತ್ತುವ ತನಗೆ ತನ್ನದೇ ರಕ್ತ ಮೋಸ ಮಾಡಿತಲ್ಲ ಎಂಬುದು ಅವಳಿಗೆ ಒಂದು ಬಗೆಯ ಅವಮಾನವಾಗಿತ್ತು; ಮೈಯೊಳಗೇ ಯಾರೋ ಕೂತು ಬಿಟ್ಟುಕೊಟ್ಟ ಹಾಗೆ. ಆಮೇಲೆ ಎಷ್ಟು ಸಲ ತಾನೇ ನೋಡಿಕೊಂಡರೂ ಸರಿಯಾಗಿಯೇ ಇರುತ್ತಿತ್ತು. ಉಪ್ಪು ಬಿಟ್ಟದ್ದರಿಂದ, ಎಂದುಕೊಂಡಿದ್ದಳು.

ಹುಣ್ಣಿನ ಅಂಚು ಕೆಂಪಗಿತ್ತು, ನಡುವೆ ಹೊಸ ಮಾಂಸ ಕಟ್ಟುತ್ತಿತ್ತು. "ಚೆನ್ನಾಗಿ ಮಾಯ್ತಾ ಉಂಟು," ಎಂದು ಅವಳ ಬಾಯಿಯಿಂದ ಕನ್ನಡವೇ ಬಂತು. ಕೋವಾಲ್ಸ್ಕಿ "ಯಾ, ಯಾ" ಎಂದ. ಹದಿಹರೆಯದಲ್ಲಿ ವಿಯೆಟ್ನಾಮಿಗೆ ಹೋಗಿ ಎರಡು ಕಾಲನ್ನೂ ಅಲ್ಲೇ ಬಿಟ್ಟುಬಂದ ಈ ಮನುಷ್ಯ, ಅವಳು ಈ ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ಅವಳಿಂದ ಮೈ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಕಪ್ಪು ಕೂದಲಿನ ಗಿಡ್ಡ ಹೆಂಗಸು ಹಾಸಿಗೆಯ ಬಳಿ ಬಂದು ಬಗ್ಗಿದರೆ ಕಣ್ಣು ಮುಚ್ಚಿಕೊಂಡು "ಇವಳಲ್ಲ, ಬೇರೆ ಯಾರಾದರೂ" ಎನ್ನುತ್ತಿದ್ದ. ಹಲ್ಲುಗಳು ಕಟಕಟ ಎನ್ನುತ್ತಿದ್ದವು. ನಾನು ಮಂಗಳೂರಿನವಳು, ಅದು ಇಂಡಿಯಾದಲ್ಲಿ ಉಂಟು ಎಂದು ಹೇಳಲು ಹೊರಟು, ಹಾಗೆ ಹೇಳಿದರೆ ಆ ಇನ್ನೊಂದು ದೇಶದ ಹೆಂಗಸರನ್ನು ತಾನೂ ಬಿಟ್ಟುಕೊಟ್ಟ ಹಾಗಾಗುತ್ತದೆ ಎನ್ನಿಸಿ, ಸುಮ್ಮನೆ ಟ್ರೇ ಎತ್ತಿಕೊಂಡು ಹೊರಗೆ ಬರುತ್ತಿದ್ದಳು. ಒಂದು ಚಳಿಗಾಲ ಅವನಿಗೆ ಜ್ವರ ಏರಿ ಇಳಿದ ಮೇಲೆ ತಾನಾಗಿಯೇ ಬೆನ್ನು ತಿರುಗಿಸಿ ಮಲಗಿದ. ಅಂದಿನಿಂದ ಆ ಬೆನ್ನು ಅವಳದು. ಅದೇ ಕೋವಾಲ್ಸ್ಕಿ ಇನ್ನೊಂದು ದಿನ, ಜಗಳವಿಲ್ಲದೆ, ಕಿಟಕಿಯ ಕಡೆ ನೋಡುತ್ತ, "ನೀವೆಲ್ಲ ನಮ್ಮ ಹುಣ್ಣು ನೋಡಿದವರು. ಗಾಯ ನೋಡಿದವರಲ್ಲ," ಎಂದಿದ್ದ. ಆ ಮಾತು ಅವಳೊಳಗೆ ಮುಳ್ಳು ಮುರಿದ ಹಾಗೆ ಉಳಿದುಬಿಟ್ಟಿತು. ಸೇನೆಯವರು ನರ್ಸುಗಳು ಬೇಕೆಂದು ಆಸ್ಪತ್ರೆಯ ಕೆಳಗಿನ ಅಂಗಳದಲ್ಲಿ ಮೇಜು ಹಾಕಿ ಕೂತ ದಿನ ಅವಳು ಊಟಕ್ಕೆ ಹೋಗದೆ ಅಲ್ಲಿ ಹೋಗಿ ನಿಂತದ್ದು ಆ ಮುಳ್ಳಿನ ದೆಸೆಯಿಂದಲೇ. ಭುಜದ ಮೇಲೆ ಕ್ಯಾಪ್ಟನ್ನಿನ ಬೆಳ್ಳಿಪಟ್ಟಿ ಬಂದ ದಿನ, ಅವಳಿಗಿಂತ ಎರಡರಷ್ಟು ಎತ್ತರದ ಬಿಳಿಯ ಹುಡುಗನೊಬ್ಬ ಎದುರಿಗೆ ನಿಂತು ಸಲ್ಯೂಟ್ ಹೊಡೆದಾಗ, ಅವಳು ತಿರುಗಿ ಹಿಂದೆ ಯಾರಿದ್ದಾರೆಂದು ನೋಡಿದ್ದಳು.

ಡಿಸೆಂಬರಿನಲ್ಲಿ ಇದೇ ವಾರ್ಡಿನವರು ಅವಳನ್ನು ಬೀಳ್ಕೊಟ್ಟಿದ್ದರು. ಕೇಕಿನ ಮೇಲೆ ಸಕ್ಕರೆಯಲ್ಲಿ ಬರೆದ ಟ್ಯಾಂಕು. ಅದರ ಮೇಲೆ ಗುಲಾಬಿ ಹೂವು. ಎದ್ದು ಕೂರಲಾಗದವರು ಕೂಡ ದಿಂಬಿಗೆ ಒರಗಿ ಕೂತಿದ್ದರು. ಕೋವಾಲ್ಸ್ಕಿ ತನ್ನ ಹಳೆಯ ಸೇನೆಯ ಚಮಚವನ್ನು ಅವಳಿಗೆ ಕೊಟ್ಟು, "ಅಲ್ಲಿ ಎಲ್ಲಾ ಕೊಡ್ತಾರೆ, ಚಮಚ ಮಾತ್ರ ಕದೀತಾರೆ," ಎಂದಿದ್ದ. ಎಲ್ಲರ ಕೈಯನ್ನೂ ಹಿಡಿದು, ಕೆಲವರ ಹಣೆಗೆ ಮುತ್ತಿಟ್ಟು, ಅತ್ತು, ಹೋಗಿದ್ದಳು. ಮುಂದಿನ ವಾರ ಅದೇ ಬಿಳಿಯ ಶೂ ಹಾಕಿಕೊಂಡು ಅದೇ ಬಾಗಿಲಿನಿಂದ ಒಳಗೆ ಬರಬೇಕಾಯಿತು. ಬಾಗಿಲಲ್ಲಿ ಯಾರೋ "ಏನು ಕ್ಯಾಪ್ಟನ್, ಯುದ್ಧ ಮುಗಿದೇ ಹೋಯ್ತಾ?" ಎಂದರು. ಇಡೀ ವಾರ್ಡು ನಕ್ಕಿತು. ಕೆಟ್ಟ ನಗು ಅಲ್ಲ. ಆದರೆ ಫ್ರಿಜ್ಜಿನಲ್ಲಿ ಕೇಕಿನ ಒಂದು ಹೋಳು ಇನ್ನೂ ಉಳಿದಿತ್ತು. ಅದನ್ನು ಯಾರೂ ತಿನ್ನದೆ, ಯಾರೂ ಎಸೆಯದೆ, ಅವಳು ದಿನವೂ ಇನ್ಸುಲಿನ್ ತೆಗೆಯಲು ಹೋದಾಗ ಕಾಣುತ್ತ ಎಷ್ಟೋ ದಿನ ಹಾಗೇ ಇತ್ತು. ಚಮಚ ವಾಪಸು ಕೊಡಲು ಹೋದರೆ ಕೋವಾಲ್ಸ್ಕಿ ತೆಗೆದುಕೊಳ್ಳಲಿಲ್ಲ.

ಅದಕ್ಕಿಂತ ಆಳದಲ್ಲಿ ಇನ್ನೊಂದು ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ರಿಸರ್ವ್ ಸೆಂಟರಿನಲ್ಲಿ ತಪಾಸಣೆಯ ಹುಡುಗ ಅವಳ ತೋಳಿನಿಂದ ಪಟ್ಟಿ ಬಿಚ್ಚಿ ಮೇಜರಿನ ಮುಖ ನೋಡಿದ. ಮೇಜರ್ ಅವಳ ಭುಜದ ಮೇಲೆ ಕೈಯಿಟ್ಟು "ಈ ಸಲ ಬೇಡ" ಎಂದಳು. ಅವಳು "ಯೆಸ್ ಮೇಡಮ್" ಎಂದು ಹೊರಗೆ ಬಂದು, ಹಿಮ ಬೀಳುತ್ತಿದ್ದ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತಳು. ಆಗ ಕಾಲುಗಳು ಹಗುರವಾದವು. ಹೊಟ್ಟೆಯಲ್ಲಿ ವಾರಗಳಿಂದ ಬಿಗಿದಿದ್ದ ಗಂಟೊಂದು ಸಡಿಲವಾಗಿ, ಎಂಥ ಹಸಿವಾಯಿತೆಂದರೆ, ದಾರಿಯಲ್ಲಿ ಕಾರು ನಿಲ್ಲಿಸಿ ಒಂದು ಡೋನಟ್ ಕೊಂಡು, ಕಾರಿನಲ್ಲೇ, ಬೆರಳಿಗೆ ಮೆತ್ತಿದ ಸಕ್ಕರೆಯನ್ನೂ ನೆಕ್ಕಿ ತಿಂದಳು. ತಿಂದು ಮುಗಿಸಿದ ಮೇಲೆ ಅಳು ಬಂತು. ಮನೆಗೆ ಹೋದಾಗ ಜಯರಾಮು ಕಂಡದ್ದು ಆ ಅಳುವನ್ನು ಮಾತ್ರ. ಡೋನಟ್ ತಿಂದವಳು ಬೇರೆಯೇ ಒಬ್ಬಳು ಎಂಬಂತೆ ಅವಳನ್ನು ಕಾರಿನಲ್ಲೇ ಕೂಡಿಹಾಕಿ ಬಂದಿದ್ದಳು; ಆದರೆ ಯಾರಾದರೂ "ಪಾಪ, ನಿಮಗೆ ಹೋಗಲಿಕ್ಕಾಗಲಿಲ್ಲವಲ್ಲ" ಎಂದಾಗಲೆಲ್ಲ ಆ ಇನ್ನೊಬ್ಬಳು ಬಾಯಿ ಒರೆಸಿಕೊಳ್ಳುತ್ತ ಎದ್ದುಬರುತ್ತಿದ್ದಳು.

ಬೆಳಿಗ್ಗೆಯೇ ಮೂಲೆಯ ಹಾಸಿಗೆಯ ಮುದುಕ ತೀರಿಕೊಂಡಿದ್ದ. ಕೋವಾಲ್ಸ್ಕಿಗೆ ಪಟ್ಟಿ ಕಟ್ಟಿ ಮುಗಿಸಿ, ಪರದೆ ಎಳೆದು, ಅವಳು ಆ ದೇಹವನ್ನು ತೊಳೆದಳು. ತೊಳೆಯುವಾಗ ಸತ್ತವರ ಹೆಸರು ಹಿಡಿದು ಮಾತಾಡುವುದು ಅವಳ ಅಭ್ಯಾಸ. ಮಿಸ್ಟರ್ ಹ್ಯಾನ್ಲನ್, ಈಗ ನಿಮ್ಮ ಕೈ ಎತ್ತುತ್ತೇನೆ; ಮಿಸ್ಟರ್ ಹ್ಯಾನ್ಲನ್, ನೀರು ಬೆಚ್ಚಗಿದೆ. ಹೊಸಬರು ನಗುತ್ತಿದ್ದರು. ಹೆಸರು ಹೇಳದೆ ತೊಳೆದರೆ ಪಾತ್ರೆ ತೊಳೆದ ಹಾಗಾಗುತ್ತದೆ ಎಂದು ಅವಳಿಗೆ ಮಂಗಳೂರಿನಲ್ಲಿ ಕಲಿಸಿದ ಸಿಸ್ಟರ್ ಹೇಳಿದ್ದರು.

ಮೇಜರ್ ಬಂದಾಗ ವಾರ್ಡು ಚಪ್ಪಾಳೆ ತಟ್ಟಿತು. ಕೈಗಳಿಲ್ಲದವರು ಬಾಯಲ್ಲಿ ಶಿಳ್ಳೆ ಹೊಡೆದರು. ಬಿಸಿಲಿಗೆ ಸುಟ್ಟು ತೆಳ್ಳಗಾಗಿದ್ದಳು ಆಕೆ. ಮೂಗಿನ ಮೇಲಿನ ಚರ್ಮ ಸುಲಿದಿತ್ತು. ವಾರ್ಡಿನವರು ಕಳಿಸಿದ್ದ ಬಿಸ್ಕತ್ತಿನ ಡಬ್ಬಗಳಿಗೆ ಥ್ಯಾಂಕ್ಸ್ ಹೇಳಿ, ಒಂದು ಗಾಲಿಕುರ್ಚಿಯ ಅಂಚಿಗೆ ಒರಗಿ, ನೆರೆಮನೆಯವರ ಹತ್ತಿರ ಹೇಳುವ ಹಾಗೆ ಹೇಳಿದಳು. ಮರಳು, ನೊಣ, ಸೈರನ್ ಕೂಗಿದಾಗ ವಿಷಾನಿಲ ತಡೆಯುವ ಮುಖವಾಡ ಹಾಕಿಕೊಂಡು ಆಪರೇಷನ್ ಮಾಡಿದ್ದು, ಗಾಯಗೊಂಡ ಇರಾಕಿ ಹುಡುಗನೊಬ್ಬ ತನ್ನನ್ನು ಅಮ್ಮ ಎಂದದ್ದು. "ನಿಜ ಹೇಳ್ತೀನಿ," ಎಂದಳು, "ಇಲ್ಲಿ ಬಸ್ ಹತ್ತುವಾಗ ನನಗೆ ಹೆದರಿಕೆ ಇತ್ತು. ದೇವರೇ, ಯಾರಾದರೂ ಬಂದು ನನ್ನ ಹೆಸರು ಹೊಡೆದುಹಾಕಲಿ ಅಂತ ಬೇಡಿಕೊಳ್ತಾ ಇದ್ದೆ. ಆಮೇಲೆ ಕೇಳಿದರೆ ಆ ಬಸ್ಸಿನಲ್ಲಿದ್ದ ಪ್ರತಿಯೊಬ್ಬರೂ ಅದನ್ನೇ ಬೇಡಿಕೊಂಡಿದ್ದರು." ಮುದುಕರು ತಲೆಯಾಡಿಸಿದರು. ಕೋವಾಲ್ಸ್ಕಿ, "ನಾವೂ," ಎಂದ. ಔಷಧದ ಗಾಡಿಯ ಹಿಂದೆ ನಿಂತಿದ್ದ ಗುಲಾಬಿಯ ಕಿವಿಯಲ್ಲಿ ಏನೋ ಗುಂಯ್ ಎಂದಿತು. ಹಾಗಾದರೆ ಕಾರಿನಲ್ಲಿ ಬಾಯಿ ಒರೆಸಿಕೊಂಡವಳು ಅಂಥ ಕೆಟ್ಟವಳೇನಲ್ಲ. ಎಲ್ಲರೊಳಗೂ ಇರುವವಳೇ ಅವಳು. ಬಸ್ಸಿನಲ್ಲಿ ಅವಳನ್ನೂ ಕೂರಿಸಿಕೊಂಡೇ ಎಲ್ಲರೂ ಹೋಗಿದ್ದಾರೆ, ಅಷ್ಟೆ. ತಿಂಗಳುಗಳ ಮೇಲೆ ಮೊದಲ ಸಲ ಅವಳು ಎದೆತುಂಬ ಉಸಿರೆಳೆದುಕೊಂಡಳು. ಮೈ ನನ್ನದು ಕೈಕೊಟ್ಟಿತು, ಮನಸ್ಸು ಕೈಕೊಡಲಿಲ್ಲ ಎಂದುಕೊಂಡಳು.

ನರ್ಸುಗಳು ಕಾಫಿ ಕುಡಿಯುವ ಸಣ್ಣ ಕೋಣೆಯಲ್ಲಿ ಇಬ್ಬರೇ ಕೂತಾಗ ಮೇಜರ್ ಟೋಪಿ ತೆಗೆದು ಮೇಜಿನ ಮೇಲಿಟ್ಟು, "ನೀನು ಹೇಗಿದ್ದೀ, ಗುಲಾಬಿ? ನಿಜವಾಗಿ?" ಎಂದಳು.

"ಬಿಪಿ ಈಗ ನಾರ್ಮಲ್, ಮೇಡಮ್. ಮುಂದಿನ ತಪಾಸಣೆಗೆ—"

"ಬಿಪಿ ಬಿಡು. ನಾವಿಬ್ಬರೇ ಇದ್ದೇವೆ." ಮೇಜರ್ ಅವಳ ಮುಂಗೈ ಹಿಡಿದುಕೊಂಡಳು. "ಬಿಪಿ ಅವತ್ತು ಅಂಥದ್ದೇನೂ ಇರಲಿಲ್ಲ. ಆ ಸಾಲಿನಲ್ಲಿದ್ದ ಅರ್ಧ ಜನರದ್ದು ನಿನ್ನದಕ್ಕಿಂತ ಜಾಸ್ತಿ ಇತ್ತು. ಹಿಂದೆ ನೀನು ಆಸ್ಪತ್ರೆಯಲ್ಲಿದ್ದದ್ದು ನಿನ್ನ ಹೆಸರಿಗೆ ಅಂಟಿಕೊಳ್ಳಬಾರದು ಅಂತ ನಾನೇ ಬಿಪಿ ಅಂದೆ. ಎಲ್ಲೂ ಬಾಯಿಬಿಟ್ಟಿಲ್ಲ, ಹೆದರಬೇಡ."

ಗುಲಾಬಿ ಕಾಫಿಯ ಲೋಟ ನೋಡಿದಳು. ಅದರ ಮೇಲೆ ಕ್ರಿಸ್‌ಮಸ್ ಮರದ ಚಿತ್ರವಿತ್ತು.

"ನಿನ್ನ ಗಂಡ ನಮ್ಮ ಮನೆಗೆ ಬಂದಿದ್ದ, ತಪಾಸಣೆಗೆ ಮುಂಚೆ. ಅಡಿಗೆಮನೆಯಲ್ಲಿ ಕೂತು ಅತ್ತ. ಗಂಡಸರು ಅಳುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಹಾಗೆ ಅತ್ತದ್ದು ನೋಡಿಲ್ಲ. ಮಗು ಹೋದ ಮೇಲೆ ನೀನು ಮಾತು ಬಿಟ್ಟದ್ದು, ಆಸ್ಪತ್ರೆ, ಎಲ್ಲ ಹೇಳಿದ. ಮಾಲಾ. ಚೆಂದದ ಹೆಸರು." ಮೇಜರ್ ಸ್ವಲ್ಪ ಬಾಗಿ ಅವಳ ಕಣ್ಣನ್ನು ಹುಡುಕಿದಳು. "ಅವನನ್ನು ನೀನೇ ಕಳಿಸಿದ್ದೀ ಅಂತ ನನಗೆ ಆಗಲೇ ಗೊತ್ತಾಯಿತು. ನಾಚಿಕೆಪಡುವಂಥದ್ದಲ್ಲ ಅದು. ಎಲ್ಲರೂ ಯುದ್ಧಕ್ಕೇ ಅಂತ ಹುಟ್ಟಿರುವುದಿಲ್ಲ."

ಆ ಹೊತ್ತಿನಲ್ಲಿ ಹೇಳಬಹುದಾಗಿದ್ದ ಮಾತುಗಳು ಆಮೇಲೆ ಅವಳಿಗೆ ಬೇಕಾದಷ್ಟು ಹೊಳೆದವು. ಆಗ ಬಾಯಿಂದ ಬಂದದ್ದು, "ಥ್ಯಾಂಕ್ ಯೂ, ಮೇಡಮ್."

ಎಲ್ಲರೂ ಅವಳಿಗೆ ಒಳ್ಳೆಯದನ್ನೇ ಮಾಡಿದ್ದರು. ಕಾರು ಓಡಿಸುತ್ತ ಅವಳು ಅದನ್ನೇ ಮತ್ತೆ ಮತ್ತೆ ಹೇಳಿಕೊಂಡಳು. ಮೇಜರ್ ಒಳ್ಳೆಯದು ಮಾಡಿದಳು. ಗಂಡ ಒಳ್ಳೆಯದು ಮಾಡಿದ. ಸುಳ್ಳು ಬಿಪಿಗೆ ನಿಜವಾದ ಸಪ್ಪೆ ಸಾರು ಮಾಡಿ, ಎದುರಿಗೆ ಕೂತು ತಾನೂ ತಿಂದ. ಒಂದು ದಿನವೂ ಕೈ ತಪ್ಪಲಿಲ್ಲ, ಒಂದು ದಿನವೂ ಕಳ್ಳತನದಲ್ಲಿ ಉಪ್ಪು ಉದುರಿಸಿಕೊಳ್ಳಲಿಲ್ಲ. ಅಷ್ಟು ನಿಷ್ಠೆಯಿಂದ ಮೋಸ ಮಾಡುವ ಮನುಷ್ಯನ ಮೇಲೆ ಹೇಗೆ ಸಿಟ್ಟು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ. ಹಿಂದಿನ ಕಾರು ಹಾರ್ನ್ ಹೊಡೆಯಿತು. ದೀಪ ಯಾವಾಗಲೋ ಹಸಿರಾಗಿತ್ತು. ಸೌದಿಯಿಂದ ಬಂದ ಪ್ರತಿಯೊಬ್ಬ ನರ್ಸೂ, ಬೀದಿಯಲ್ಲಿ ಸಿಕ್ಕಿ ತಬ್ಬಿಕೊಂಡ ಪ್ರತಿಯೊಬ್ಬರೂ, ಮನಸ್ಸಿನಲ್ಲಿ, ಗಂಡನನ್ನು ಕಳಿಸಿ ತಪ್ಪಿಸಿಕೊಂಡವಳು ಎಂದುಕೊಂಡಿರಬಹುದೇ? ಇಲ್ಲ, ಮೇಜರ್ ಬಾಯಿಬಿಟ್ಟಿಲ್ಲವಂತೆ. ಬಾಯಿಬಿಡದಿರುವುದರಲ್ಲಿ ಎಲ್ಲರೂ ಗಟ್ಟಿಗರು. ಆದರೆ ಇದೆಲ್ಲದರ ಕೆಳಗೆ, ಇದೆಲ್ಲವನ್ನೂ ಒದ್ದು ಮೇಲೆ ಬರಲು ನೋಡುತ್ತಿದ್ದದ್ದು ಬೇರೆ. ಮಾಲಾ. ಹಾಗೆಂದರೆ ಯಾರು? ಹೆಣ್ಣುಮಗು ಎಂದು ಹೇಳಿದ್ದರು, ಉಸಿರಿಲ್ಲ ಎಂದು ಹೇಳಿದ್ದರು. ಅವಳ ತೋಳಿಗೆ ಚುಚ್ಚಿದ್ದರು. ಎಚ್ಚರವಾದಾಗ ಜಯರಾಮು ಪಕ್ಕದಲ್ಲಿ ಕೂತಿದ್ದ, ಹೊಟ್ಟೆ ಬರಿದಾಗಿತ್ತು. "ಆಸ್ಪತ್ರೆಯವ್ರೇ ಎಲ್ಲಾ ನೋಡ್ಕೊಂಡ್ರು, ನೀನೇನೂ ಕೇಳ್ಬೇಡ," ಎಂದಿದ್ದ. ಅವಳು ಕೇಳಲಿಲ್ಲ. ಆಸ್ಪತ್ರೆಗಳು ಏನೇನು ಮಾಡುತ್ತವೆಂದು ಬಲ್ಲ ನರ್ಸು ಕೇಳಲಿಲ್ಲ. ಪರದೆ ಎಳೆದ ಕೋಣೆಯಲ್ಲಿ ಗೋಡೆ ನೋಡುತ್ತ ಕೂತಳು. ಮಾತು ಎಲ್ಲಿಂದ ಹೊರಡುತ್ತದೆಂಬುದೇ ಮರೆತುಹೋಯಿತು. ಮನಸ್ಸಿನ ಕಾಯಿಲೆಯ ಇನ್ನೊಂದು ಆಸ್ಪತ್ರೆಗೆ ಸೇರಿಸಿದರು. ಆಮೇಲೆ ಹೇಗೋ ಒಂದು ಬೆಳಿಗ್ಗೆ ಕಾಫಿಗೆ ಸಕ್ಕರೆ ಕೇಳಿದಳು. ಎಂಟು ವರ್ಷದಲ್ಲಿ ಅವರಿಬ್ಬರು ಆ ಮಾತೆತ್ತಿಲ್ಲ. ಮಕ್ಕಳೂ ಆಗಲಿಲ್ಲ. ಹೆಸರಿಲ್ಲದ್ದನ್ನು ಮರೆಯಬಹುದು ಎಂಬ ಒಪ್ಪಂದದ ಮೇಲೆ ಆ ಮನೆ ನಿಂತಿತ್ತು.

ಜಯರಾಮು ಒಲೆಯ ಮುಂದಿದ್ದ. ಆಫೀಸಿನ ಶರ್ಟಿನ ತೋಳು ಮಡಚಿ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ. "ಬಂದ್ಯಾ? ಮೇಜರ್ ಬಂದಿದ್ರಾ? ಕೈಕಾಲ್ ತೊಳ್ಕೊ, ಇನ್ನೊಂದೈದು ನಿಮಿಷ."

"ನನಗೆ ಬಿಪಿ ಇಲ್ಲ," ಎಂದಳು ಗುಲಾಬಿ.

ಸಾಸಿವೆ ಸಿಡಿದು ನಿಂತಿತು. ಅವನು ಒಲೆ ಆರಿಸಲಿಲ್ಲ; ಎಣ್ಣೆಯಿಂದ ಹೊಗೆ ಏಳತೊಡಗಿತು. ಅವಳೇ ಹೋಗಿ ಆರಿಸಿದಳು.

"ಅವ್ರು ಹೇಳ್ಬಾರ್ದಿತ್ತು," ಎಂದ.

"ನೀವು ಹೇಳ್ಬಹುದಿತ್ತಾ?"

"ಗುಲಾಬಿ, ಕೂತ್ಕೋ. ಕೂತ್ಕೊಂಡ್ ಮಾತಾಡಣ."

"ನಿಂತೇ ಮಾತಾಡುವ. ಎಂತ ಹೇಳಿದ್ದು ನೀವು ಅವರ ಹತ್ರ? ಹೇಗೆ ಹೇಳಿದ್ದು, ಹಾಗೇ ಹೇಳಿ. ಇಂಗ್ಲಿಷ್‌ನಲ್ಲೇ ಹೇಳಿ."

ಅವನು ಅವಳನ್ನು ನೋಡಿದ. ಅವಳು ತಮಾಷೆ ಮಾಡುತ್ತಿಲ್ಲವೆಂದು ತಿಳಿದು, ಸ್ಪೋಕನ್ ಇಂಗ್ಲಿಷ್ ಪರೀಕ್ಷೆಗೆ ನಿಂತ ಹುಡುಗನಂತೆ ಕೈ ಕಟ್ಟಿಕೊಂಡು ಶುರುಮಾಡಿದ. ತನ್ನ ಹೆಂಡತಿ ಬಹಳ ಗಟ್ಟಿ ಹೆಂಗಸೆಂದು ಎಲ್ಲರೂ ತಿಳಿದಿದ್ದಾರೆ. ಅವಳು ಒಡೆದುಹೋದದ್ದನ್ನು ತಾನು ನೋಡಿದ್ದೇನೆ. ಅವಳಿಗೆ ಅನ್ನ ತಿನ್ನಿಸಿದ್ದೇನೆ, ತಲೆ ಬಾಚಿದ್ದೇನೆ. ಅವಳು ತನ್ನನ್ನು ಯಾರೆಂದು ಗುರುತಿಸದ ದಿನಗಳಿದ್ದವು. ಅಲ್ಲಿ ಮಕ್ಕಳು ಸಾಯುತ್ತಾರೆ. ಯುದ್ಧವೆಂದರೆ ಮಕ್ಕಳೂ ಸಾಯುತ್ತಾರೆ. ಸತ್ತ ಮಗುವೊಂದನ್ನು ಅವಳ ಕೈಗೆ ಕೊಟ್ಟರೆ ಅವಳು ಮತ್ತೆ ವಾಪಸು ಬರುವುದಿಲ್ಲ. ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಆ ಬೇರೆ ಭಾಷೆಯಲ್ಲಿ ಅವನು ಎಷ್ಟು ಸಲೀಸಾಗಿ ಅಳುತ್ತಾನೆ ಎಂದು ಗುಲಾಬಿ ನೋಡುತ್ತ ನಿಂತಳು. ತನ್ನ ಬಗ್ಗೆ ಇಷ್ಟು ನಿಜವಾದ ಮಾತುಗಳನ್ನು ಇದುವರೆಗೆ ಯಾರೂ ಆಡಿರಲಿಲ್ಲ. ಅವುಗಳನ್ನು ಇವನು ಎಂಟು ವರ್ಷ ಜೋಪಾನವಾಗಿಟ್ಟು, ಇನ್ನೊಬ್ಬ ಹೆಂಗಸಿನ ಅಡಿಗೆಮನೆಯಲ್ಲಿ ಸುರಿದುಬಂದಿದ್ದ.

"ಏನ್ ಮಾಡ್ಬೇಕಿತ್ತು ನಾನು?" ಅವನು ಕನ್ನಡಕ್ಕೆ ಬಂದ. "ಹೋಗು ಅಂತ ಕಳಿಸ್ಬಿಡ್ಬೇಕಿತ್ತಾ? ನೀನ್ ಆಗ ಹೆಂಗಿದ್ದೆ ಅಂತ ನಿಂಗೊತ್ತಿಲ್ಲ. ನಂಗೊತ್ತು. ಅಲ್ದೆ, ನಿಂಗೂ ಹೋಗೋದ್ ಬೇಕಿರ್ಲಿಲ್ಲ ಗುಲಾಬಿ. ರಾತ್ರಿ ಎಲ್ಲಾ ಎಚ್ಚರ ಇರ್ತಿದ್ದೆ. ನಿನ್ ಬಾಯಲ್ಲಿ ಬರದೇ ಇದ್ದಿದ್ದನ್ನ ನಾನ್ ಹೋಗಿ ಹೇಳ್ದೆ, ಅಷ್ಟೇಯ."

ಅವಳ ಕೈ ತಾನಾಗಿ ಬಾಯಿಗೆ ಹೋಯಿತು, ಸಕ್ಕರೆ ಒರೆಸಿಕೊಳ್ಳುವ ಹಾಗೆ. ಇವನಿಗೆ ಅದೂ ಗೊತ್ತು. "ಹೌದು," ಎಂದಳು. "ಹೆದರಿಕೆ ಇತ್ತು. ಬೇಡ ಅಂತ್ಲೂ ಅನ್ನಿಸಿತ್ತು. ಆ ಬಸ್ಸಿನಲ್ಲಿ ಕೂತವರಿಗೆಲ್ಲ ಅನ್ನಿಸಿತ್ತಂತೆ. ಅವರು ಹೆದರಿಕೊಂಡೇ ಹೋದ್ರು. ನಾನೂ ಹೆದರಿಕೊಂಡೇ ಹೋಗ್ತಿದ್ದೆ. ಹೋಗ್ತಿದ್ದೆನಾ ಇಲ್ವಾ ಅಂತ ನನಗೆ ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಅದನ್ನು ನೀವು ತೆಗೆದುಕೊಂಡ್ರಿ."

ಅವನು ಏನೋ ಹೇಳಲು ಹೋದ. ಅವಳು ಕೈ ಎತ್ತಿದಳು.

"ಮಾಲಾ ಅಂದ್ರೆ ಯಾರು?"

ಅವನ ಮುಖದಲ್ಲಿ ಆಗ ಬಂದದ್ದು ಅಳು ಅಲ್ಲ. ಅದನ್ನು ಅವಳು ವಾರ್ಡಿನಲ್ಲಿ ಕಂಡಿದ್ದಳು. ಪಟ್ಟಿ ಅಂಟಿಕೊಂಡಿದೆಯೆಂದು ತಿಳಿಯದೆ ಎಳೆದುಬಿಟ್ಟಾಗ ರೋಗಿಯ ಮುಖದಲ್ಲಿ ಬರುವಂಥದ್ದು. ಅವನು ಕುರ್ಚಿ ಎಳೆದು ಕೂತ. ಮೇಜಿನ ಮೇಲೆ ಬಿದ್ದಿದ್ದ ಕರಿಬೇವಿನ ಎಲೆಯೊಂದನ್ನು ಬೆರಳಲ್ಲಿ ಸರಿಸತೊಡಗಿದ.

"ಮೇಜರ್ ಮನಸ್ಸು ಕರಗ್ಲಿ ಅಂತ ಹೆಸರು ಕಟ್ಟಿದ್ದಾ?"

"ಇಲ್ಲ."

"ಮತ್ತೆ?"

"ನೀನ್ ಮಲಗಿದ್ದೆ. ಅಲ್ಲಿನ ನರ್ಸ್ ಬಂದು, ಹೆಸರಿಡ್ತೀರಾ ಅಂತ ಕೇಳಿದ್ಲು. ಏನಾದ್ರೂ ಹೇಳ್ಬೇಕಲ್ಲ... ಹೇಳ್ದೆ. ಬಟ್ಟೆಲಿ ಸುತ್ತಿ ನನ್ ಕೈಗೆ ಕೊಟ್ಲು. ಕೂದ್ಲು ತುಂಬಾ ಇತ್ತು ಗುಲಾಬಿ. ಹಸುಗೂಸನ್ನ ನಮ್ಮಲ್ಲಿ ಸುಡಲ್ವಲ್ಲ." ಅವನು ತಲೆಯೆತ್ತಲಿಲ್ಲ. "ರೂಟ್ ಟ್ವೆಂಟಿ ಸೆವೆನ್ ಹತ್ರ ಒಂದ್ ಸ್ಮಶಾನ ಇದೆ. ಮಕ್ಕಳಿಗೇ ಅಂತ ಒಂದ್ ಕಡೆ ಜಾಗ ಬಿಟ್ಟಿದಾರೆ. ಕಲ್ಲು ಹಾಕ್ಸಿದೀನಿ, ಸಣ್ಣದು. ಆಗಾಗ ಹೋಗ್ ಬರ್ತೀನಿ."

ಗುಲಾಬಿ ಆ ಮಾತನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೇಳಿಕೊಂಡಳು. ಆಗಾಗ ಹೋಗಿ ಬರುತ್ತೇನೆ. ಶನಿವಾರಗಳಂದು ಕಾರಿಗೆ ಪೆಟ್ರೋಲ್ ಹಾಕಿಸಿ ಬರುತ್ತೇನೆಂದು ಹೋಗುತ್ತಿದ್ದ. ಅವಳು ಡ್ರಿಲ್‌ಗೆ ಹೋದ ವಾರಾಂತ್ಯಗಳಲ್ಲಿ ಮನೆಗೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಒಮ್ಮೆ ಅವನ ಶೂಗೆ ಕೆಮ್ಮಣ್ಣು ಮೆತ್ತಿದ್ದನ್ನು ಇವಳೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ ತೊಳೆದಿದ್ದಳು. ಸತ್ತವರನ್ನೆಲ್ಲ ಹೆಸರು ಹಿಡಿದು ಕರೆದು ತೊಳೆದವಳು. ಊರಿನ, ಪರವೂರಿನ, ಯಾರ್ಯಾರದೋ ಗಂಡಂದಿರ, ಅಪ್ಪಂದಿರ ಮೈ ತೊಳೆದವಳು. ಅವಳ ಮಗುವನ್ನು ಯಾರು ತೊಳೆದರು? ನೀರು ಬೆಚ್ಚಗಿತ್ತೇ?

"ನನಗೆ ಯಾಕೆ ಹೇಳ್ಲಿಲ್ಲ?"

"ತಡ್ಕೊಳಲ್ಲ ಅನ್ಕೊಂಡೆ."

"ಎಂಟು ವರ್ಷವಾ?"

"ಮೊದ್ಲು ನೀನ್ ತಡ್ಕೊಳಲ್ಲ ಅಂತ ಹೇಳ್ಲಿಲ್ಲ. ಆಮೇಲೆ..." ಅವನು ಎಲೆಯನ್ನು ಹಿಸುಕಿದ. "ಆಮೇಲೆ ಅದು ನನ್ದೇ ಆಗೋಯ್ತು. ಹೇಳಕ್ಕೆ ಮನಸ್ಸೇ ಬರ್ಲಿಲ್ಲ."

ಅವನು ಆಡಿದ ಮಾತುಗಳಲ್ಲಿ ಅದೊಂದನ್ನೇ ಅವಳು ನಂಬಿದಳು. ಗೂಡಿನಲ್ಲಿದ್ದ ಫೋನ್ ಎತ್ತಿ, ಅವನೆದುರಿಗೇ, ಮೇಜರಿನ ಮನೆಗೆ ಕರೆ ಮಾಡಿದಳು. ಆ ಕಡೆ ಟಿವಿಯ ಸದ್ದು, ನಾಯಿ ಬೊಗಳುವುದು ಕೇಳಿಸಿತು. "ಮೇಡಮ್, ಕ್ಯಾಪ್ಟನ್ ಗುಲಾಬಿ. ಮಧ್ಯಾಹ್ನ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ನನ್ನ ಗಂಡನನ್ನು ನಾನು ಕಳಿಸಿರಲಿಲ್ಲ." ಆ ಕಡೆ ಟಿವಿಯ ಸದ್ದು ಸಣ್ಣದಾಯಿತು. "ಓ ಗಾಡ್," ಎಂದಳು ಮೇಜರ್. ಆಮೇಲೆ, "ನಿನ್ನನ್ನೇ ಕೇಳಬೇಕಿತ್ತು ನಾನು," ಎಂದಳು. "ಹೌದು, ಕೇಳಬೇಕಿತ್ತು," ಎಂದು ಗುಲಾಬಿ ಫೋನ್ ಇಟ್ಟಳು. ಮೇಡಮ್ ಎಂದು ಸೇರಿಸುವುದು ಮರೆತುಹೋಗಿತ್ತು. ಗೆದ್ದೆನೆಂದು ಅನ್ನಿಸಲಿಲ್ಲ. ಎಲ್ಲೋ ಒಂದು ಕಡೆ ಒಂದು ಸುಳ್ಳು ಕಡಿಮೆಯಾಯಿತು, ಅಷ್ಟೆ.

ಕೊಕ್ಕೆಯಿಂದ ಕಾರಿನ ಕೀ ತೆಗೆದುಕೊಂಡಳು. "ಬನ್ನಿ. ತೋರ್ಸಿ."

"ಈಗ್ಲಾ? ಊಟ..."

"ಈಗ್ಲೇ."

"ನಾನ್ ಡ್ರೈವ್ ಮಾಡ್ತೀನಿ ತಾಳು, ನಿನ್ ಕೈ ನಡುಗ್ತಿದೆ."

"ನಡುಗಲಿ. ನೀವು ದಾರಿ ಹೇಳಿ ಸಾಕು."

ಹೊತ್ತು ಇನ್ನೂ ಮುಳುಗಿರಲಿಲ್ಲ. ಅಂಗಡಿಗಳು, ಪೆಟ್ರೋಲ್ ಪಂಪು, ಹಳದಿ ರಿಬ್ಬನ್ ಕಟ್ಟಿದ ಶಾಲೆಯ ಬೇಲಿ. ಅವನು "ಲೆಫ್ಟ್", "ಮುಂದಿನ್ ಲೈಟಲ್ಲಿ ರೈಟ್" ಎಂದಷ್ಟೇ ಹೇಳುತ್ತಿದ್ದ. ಎಷ್ಟು ಸಲ ಬಂದಿರಬೇಕು ಇವನು, ಲೇನ್ ಬದಲಾಯಿಸುವುದನ್ನು ಕೂಡ ಮುಂಚಿತವಾಗಿ ಹೇಳುತ್ತಿದ್ದಾನಲ್ಲ ಎಂದುಕೊಂಡಳು. ಈ ರಸ್ತೆಯಲ್ಲಿ ಅವಳು ಎಷ್ಟೋ ಸಲ ಹೋಗಿದ್ದಳು. ಆಚೆ ಬದಿಯ ಅಂಗಡಿಯಲ್ಲಿ ಅಕ್ಕಿ ಕೊಂಡಿದ್ದಳು. ಗೇಟಿನ ಒಳಗೆ, ಮೇಪಲ್ ಮರಗಳ ಕೆಳಗೆ ಕಾರು ನಿಲ್ಲಿಸಿದಾಗ ಹುಲ್ಲು ಕತ್ತರಿಸುವವನೊಬ್ಬ ಯಂತ್ರವನ್ನು ಗಾಡಿಗೆ ಏರಿಸುತ್ತ, ಇನ್ನು ಸ್ವಲ್ಪ ಹೊತ್ತಿಗೆ ಗೇಟು ಹಾಕುತ್ತಾರೆಂದು ಕೂಗಿ ಹೇಳಿದ. ಜಯರಾಮು ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟ.

"ನೀವು ಬರುವುದು ಬೇಡ," ಎಂದಳು.

"ನಿಂಗ್ ಗೊತ್ತಾಗಲ್ಲ ಅದು. ಸಣ್ಣ ಕಲ್ಲು, ಹುಲ್ಲೊಳಗಿರತ್ತೆ."

"ಹುಡುಕ್ತೇನೆ."

ಅವನು ಕಾಲನ್ನು ಒಳಗೆ ಎಳೆದುಕೊಂಡ. ಅವಳು ಬಿಳಿಯ ಶೂಗಳಲ್ಲೇ ಹಸಿ ಹುಲ್ಲಿನ ಮೇಲೆ ನಡೆದಳು. ದೊಡ್ಡವರ ಕಲ್ಲುಗಳು ಮುಗಿದು, ಇಳಿಜಾರಿನಲ್ಲಿ ಅಂಗೈಯಗಲದ ಕಲ್ಲುಗಳು ಶುರುವಾದವು. ಪ್ಲಾಸ್ಟಿಕ್ ಗಿರಗಿಟ್ಟಲೆ, ಬಿಸಿಲಿಗೆ ಬಣ್ಣ ಹೋದ ಕರಡಿಗೊಂಬೆ. ಒಂದೊಂದರ ಮುಂದೂ ಬಗ್ಗಿ ಹೆಸರು ಓದಿದಳು. ಐರಿಷ್ ಮಕ್ಕಳು, ಇಟಲಿಯ ಮಕ್ಕಳು, ಹೆಸರಿಲ್ಲದೆ ಬರಿಯ ಬೇಬಿ ಎಂದಿದ್ದವರು. ವಾರ್ಡಿನಲ್ಲಿ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವ ಹಾಗೆ, ಯಾರನ್ನೂ ಬಿಡದೆ ಹೋದಳು. ಹೆದರಿಕೆಯಿತ್ತು. ಮುಂದಿನದೇ ಇರಬಹುದು ಎನ್ನುವಾಗ ಹೊಟ್ಟೆಯ ಗಂಟು ಬಿಗಿಯುತ್ತಿತ್ತು, ಅಲ್ಲವೆಂದಾಗ ಸಡಿಲುತ್ತಿತ್ತು, ಆದರೂ ಕಾಲು ಹೋಗುತ್ತಲೇ ಇತ್ತು.

ಅದು ಬೇಲಿಯ ಹತ್ತಿರವಿತ್ತು. ಇಂಗ್ಲಿಷಿನಲ್ಲಿ ಮಾಲಾ ಎಂದು ಕೊರೆದು, ಪಕ್ಕದಲ್ಲಿ ಅವನ ಹೆಸರು ಮಾತ್ರ ಇತ್ತು. ಜಯರಾಮುವಿನ ಮಗಳು ಮಾಲಾ. ತನ್ನ ಹೆಸರಿಗೆಂದು ಬಿಟ್ಟ ಜಾಗವಾದರೂ ಇರಬಹುದೇ ಎಂದು ಬೆರಳಾಡಿಸಿ ನೋಡಿದಳು, ಇರಲಿಲ್ಲ. ಕಲ್ಲಿನ ಮೇಲೆ ಹುಲ್ಲಿನ ಚೂರು ಅಂಟಿ ಒಣಗಿತ್ತು, ಅಕ್ಷರಗಳ ಸಂದಿಯಲ್ಲಿ ಮಣ್ಣು ಕೂತಿತ್ತು. ಗುಲಾಬಿ ಮಂಡಿಯೂರಿ, ಯೂನಿಫಾರ್ಮಿನ ಜೇಬಿನಿಂದ ಕರವಸ್ತ್ರ ತೆಗೆದು, ಹುಲ್ಲಿನ ತೇವಕ್ಕೆ ಒತ್ತಿ ನೆನೆಸಿಕೊಂಡು, ಒಂದೊಂದೇ ಅಕ್ಷರ ಒರೆಸತೊಡಗಿದಳು. ಬಾಯಿ ತೆರೆದಳು. ಹೆಸರು ಗಂಟಲಿಗೆ ಬಂದು, ಬೇರೆ ಯಾರೋ ಇಟ್ಟ ಹೆಸರಾದ್ದರಿಂದಲೋ ಏನೋ, ಅಲ್ಲೇ ನಿಂತಿತು. ಇನ್ನೊಮ್ಮೆ ಪ್ರಯತ್ನಿಸಿದಳು. ಗೇಟಿನ ಕಡೆಯಿಂದ ಯಾರೋ ಸರಪಳಿ ಎಳೆಯುವ ಸದ್ದು ಕೇಳಿಸಿತು. ಜಯರಾಮು ಕಾರಿನ ಹಾರ್ನನ್ನು ಒಮ್ಮೆ, ಮೆತ್ತಗೆ, ಅವಳಿಗೆ ನೋವಾಗದ ಹಾಗೆ ಒತ್ತಿದ. ಸ್ವಲ್ಪ ಬಿಟ್ಟು ಮತ್ತೊಮ್ಮೆ ಒತ್ತಿದ.

ಅವಳು ಏಳಲಿಲ್ಲ.